ಸಿಹಿಗೂ ಒಂದು ಲೆಕ್ಕ



ಹಬ್ಬ ಅಂದರೆ ನಮಗೆಲ್ಲ ಸಂತೋಷ. ಯುಗಾದಿಗೆ ಹೋಳಿಗೆ. ಪಂಚಮಿಗೆ ಉಂಡೆ. ಗೌರಿ ಗಣೇಶನಿಗೆ ಕಡುಬು. ದೀಪಾವಳಿಗೆ ಕಜ್ಜಾಯ. ಸಂಕ್ರಾಂತಿಗೆ ಎಳ್ಳು ಬೆಲ್ಲ, ಸಕ್ಕರೆ ಅಚ್ಚು. ರಂಜಾನಿಗೆ ಶೀರ್ ಕುರ್ಮಾ. ಕ್ರಿಸ್ಮಸ್ಸಿಗೆ ಕೇಕು. ನಡುನಡುವೆ ಮದುವೆ, ನಾಮಕರಣ, ಜಾತ್ರೆ, ಗೃಹಪ್ರವೇಶ.

ಮಾಡಿದೆವು. ಬಡಿಸಿದೆವು. ನಾವೂ ತಿಂದೆವು. ಇದರಲ್ಲಿ ತಪ್ಪೇನೂ ಇಲ್ಲ.

ಆದರೆ ಹಬ್ಬ ಕಳೆದ ಮೇಲೆ ಏನಾಗುತ್ತೆ? ರವಿಕೆ ಬಿಗಿಯಾಗುತ್ತೆ. ನೀರಿನ ಬಿಂದಿಗೆ ಹೊತ್ತರೆ ಏದುಸಿರು ಬರುತ್ತೆ. ಕೂತರೆ ಏಳೋಕೆ ಮಂಡಿ ಹಿಡಿಯುತ್ತೆ. "ಯಾಕೋ ಮೈ ಭಾರ" ಅಂತ ನಾವೇ ಹೇಳ್ತೀವಿ.

ಆಗ ಏನು ಮಾಡಬೇಕು? ಉಪವಾಸ ಇರಬೇಕೆ? ಬೇಡ. ಟೀವಿಯಲ್ಲಿ ತೋರಿಸುವ ಪುಡಿ ಕುಡಿಯಬೇಕೆ? ಅದೂ ಬೇಡ. ಮೊದಲು ಸಕ್ಕರೆಯ ಲೆಕ್ಕ ನೋಡೋಣ. ಆಮೇಲೆ ಸಕ್ಕರೆ ಬಿಡೋಣ.

ನಾವು ಈಗ ಓದಲು ಕಲಿತಿದ್ದೇವೆ. ಬರೆಯಲು ಕಲಿತಿದ್ದೇವೆ. ಕೂಡುವುದು, ಕಳೆಯುವುದು, ಗುಣಿಸುವುದು ಗೊತ್ತಿದೆ. ಆ ವಿದ್ಯೆಯನ್ನು ಅಡುಗೆಮನೆಗೆ ತರೋಣ. ಬನ್ನಿ.

ಹಬ್ಬ ಹೋಯಿತು, ಸಕ್ಕರೆ ಉಳಿಯಿತು

ನಮ್ಮ ಅಜ್ಜಿಯರ ಕಾಲ ನೆನೆಯೋಣ. ಆಗ ಸಕ್ಕರೆ ಸುಲಭಕ್ಕೆ ಸಿಗುತ್ತಿರಲಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಕಾರ್ಡಿಗೆ ಇಷ್ಟು ಅಂತ ಅಳೆದು ಕೊಡುತ್ತಿದ್ದರು. ಹಬ್ಬಕ್ಕೆ ಅಂತ ಅದನ್ನು ಎತ್ತಿಡುತ್ತಿದ್ದರು. ದಿನವೂ ಸಿಹಿ ತಿನ್ನುವುದು ಬಡವರ ಮನೆಯಲ್ಲಿ ಇರಲೇ ಇಲ್ಲ. ಹಬ್ಬ ಬಂದಾಗ ಸಿಹಿ ಬರುತ್ತಿತ್ತು. ಹಬ್ಬದ ಜೊತೆಗೇ ಹೋಗುತ್ತಿತ್ತು.

ಈಗ ಹಾಗಿಲ್ಲ. ಹಬ್ಬ ಹೋಗುತ್ತೆ. ಸಕ್ಕರೆ ಮಾತ್ರ ಮನೆಯಲ್ಲೇ ಉಳಿಯುತ್ತೆ. ದಿನಾ ಟೀಗೆ ಬೇಕು, ಕಾಫಿಗೆ ಬೇಕು. ಅಂಗಡಿಯ ಬಿಸ್ಕತ್ತು, ಬನ್ನು, ರಸ್ಕು ಬೇಕು. ಮಕ್ಕಳಿಗೆ ಬಾಟಲಿ ಜ್ಯೂಸು ಬೇಕು.

ಮೈ ದಪ್ಪ ಆದರೆ ನಾವು ಹೋಳಿಗೆಯನ್ನು ಬೈಯುತ್ತೇವೆ. ಹೋಳಿಗೆ ವರ್ಷಕ್ಕೆ ನಾಲ್ಕು ಸಲ ಬರುತ್ತೆ. ಟೀ ದಿನಕ್ಕೆ ಐದು ಸಲ ಬರುತ್ತೆ. ಯಾವುದು ಹೆಚ್ಚು? ಲೆಕ್ಕ ಹಾಕೋಣ.

ಚಮಚದ ಲೆಕ್ಕ

ಒಂದು ಟೀ ಚಮಚ ತುಂಬ ಸಕ್ಕರೆ ತೆಗೆದುಕೊಳ್ಳಿ. ಅದು ಸುಮಾರು 5 ಗ್ರಾಂ. ಒಂದು ಲೋಟ ಟೀಗೆ 2 ಚಮಚ ಹಾಕುತ್ತೇವೆ ಅಂತ ಇಟ್ಟುಕೊಳ್ಳೋಣ.

ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ.
ತಿಂಡಿ ಜೊತೆ ಒಂದು ಲೋಟ.
ಹೊಲದಲ್ಲಿ, ಕೂಲಿಯಲ್ಲಿ 11 ಗಂಟೆಗೆ ಒಂದು ಲೋಟ.
ಸಂಜೆ ಒಂದು ಲೋಟ.
ನೆಂಟರು ಬಂದರೆ ಅವರ ಜೊತೆ ಒಂದು ಲೋಟ.

ಒಟ್ಟು 5 ಲೋಟ.

5 ಲೋಟ × 2 ಚಮಚ = 10 ಚಮಚ
10 ಚಮಚ × 5 ಗ್ರಾಂ = 50 ಗ್ರಾಂ
50 ಗ್ರಾಂ × 30 ದಿನ = 1,500 ಗ್ರಾಂ

ಅಂದರೆ ತಿಂಗಳಿಗೆ ಒಂದೂವರೆ ಕಿಲೋ. ಇದು ಮನೆಮಂದಿಯ ಲೆಕ್ಕ ಅಲ್ಲ. ಒಬ್ಬಳ ಲೆಕ್ಕ. ವರ್ಷಕ್ಕೆ 18 ಕಿಲೋ ದಾಟುತ್ತದೆ.

ಈಗ ಹೋಳಿಗೆಯ ಲೆಕ್ಕ. 1 ಕಿಲೋ ಬೆಲ್ಲದಲ್ಲಿ 40 ಹೋಳಿಗೆ ಮಾಡಿದೆವು ಅಂತ ಇಟ್ಟುಕೊಳ್ಳೋಣ. ಒಂದು ಹೋಳಿಗೆಗೆ 25 ಗ್ರಾಂ ಬೆಲ್ಲ ಬಂತು. ತಿಂಗಳಿಗೆ ಟೀಯಲ್ಲಿ ಹೋದದ್ದು 1,500 ಗ್ರಾಂ ಸಕ್ಕರೆ. 1,500ನ್ನು 25ರಿಂದ ಭಾಗಿಸಿ. 60 ಬಂತು, ಅಲ್ವಾ?

ಅರವತ್ತು ಹೋಳಿಗೆಯ ಸಿಹಿ! ತಿಂಗಳಿಗೆ 60 ಹೋಳಿಗೆ ತಿನ್ನಿ ಅಂದರೆ ನಾವು ತಿನ್ನುತ್ತೇವೆಯೇ? "ಅಯ್ಯೋ ಬೇಡಪ್ಪ" ಅನ್ನುತ್ತೇವೆ. ಟೀಯಲ್ಲಿ ಮಾತ್ರ ಅದು ಸದ್ದಿಲ್ಲದೆ ಒಳಗೆ ಹೋಗುತ್ತೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಚಮಚಗೂಡಿದರೆ ಮೂಟೆ.

ಎಷ್ಟು ತಿಂದರೆ ಸರಿ? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಂದು ಸಲಹೆ ಕೊಟ್ಟಿದೆ. ದೊಡ್ಡವರು ದಿನಕ್ಕೆ ಸುಮಾರು 50 ಗ್ರಾಂಗಿಂತ ಕಡಿಮೆ ಸಕ್ಕರೆ ತಿನ್ನಬೇಕು. 25 ಗ್ರಾಂ ಒಳಗೆ ಇದ್ದರೆ ಇನ್ನೂ ಒಳ್ಳೆಯದು. ಇದರಲ್ಲಿ ಸಕ್ಕರೆ, ಬೆಲ್ಲ, ಜೇನುತುಪ್ಪ, ಜ್ಯೂಸು ಎಲ್ಲವೂ ಸೇರಿದೆ. 25 ಗ್ರಾಂ ಅಂದರೆ 5 ಚಮಚ. ನಮ್ಮ ಟೀ ಒಂದರಲ್ಲೇ 10 ಚಮಚ ಆಗಿಹೋಯಿತು.

ಮೈಯೊಳಗಿನ ಕಣಜ

ಸಕ್ಕರೆ ತಿಂದರೆ ಮೈ ಯಾಕೆ ಬೆಳೆಯುತ್ತೆ?

ಸುಗ್ಗಿಯಲ್ಲಿ ಬಂದ ರಾಗಿಯಲ್ಲಿ ಬೇಕಾದಷ್ಟನ್ನು ಬಳಸುತ್ತೇವೆ. ಉಳಿದದ್ದನ್ನು ಕಣಜಕ್ಕೆ ತುಂಬುತ್ತೇವೆ. ನಮ್ಮ ಮೈ ಕೂಡ ಹಾಗೆಯೇ. ತಿಂದ ಆಹಾರದಿಂದ ಶಕ್ತಿ ಬರುತ್ತದೆ. ಕೆಲಸಕ್ಕೆ ಬೇಕಾದ ಶಕ್ತಿಯನ್ನು ಮೈ ಬಳಸುತ್ತದೆ. ಸ್ವಲ್ಪ ಶಕ್ತಿಯನ್ನು ಈಲಿಯಲ್ಲಿ, ಮಾಂಸದಲ್ಲಿ ಇಟ್ಟುಕೊಳ್ಳುತ್ತದೆ. ಇನ್ನೂ ಉಳಿದರೆ ಅದು ಕೊಬ್ಬಾಗುತ್ತದೆ. ಹೊಟ್ಟೆ, ಸೊಂಟ, ತೊಡೆಗಳಲ್ಲಿ ಕೂರುತ್ತದೆ.

ರಾಗಿ, ಕಾಳು, ಸೊಪ್ಪು ತಿಂದರೆ ಶಕ್ತಿಯ ಜೊತೆಗೆ ಬೇರೆ ಸತ್ವಗಳೂ ಬರುತ್ತವೆ. ನಾರು ಇರುತ್ತದೆ. ಹೊಟ್ಟೆ ತುಂಬುತ್ತದೆ. ಸಕ್ಕರೆಯಲ್ಲಿ ಬರೀ ಶಕ್ತಿ. ನಾರಿಲ್ಲ. ಹೊಟ್ಟೆಯೂ ತುಂಬುವುದಿಲ್ಲ. ಅದಕ್ಕೇ ಟೀ ಕುಡಿದ ಒಂದು ಗಂಟೆಗೆ ಮತ್ತೆ ಹಸಿವು.

ಆಹಾರದ ಶಕ್ತಿಯನ್ನು ಕ್ಯಾಲರಿ ಎಂಬ ಅಳತೆಯಲ್ಲಿ ಹೇಳುತ್ತಾರೆ. 1 ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲರಿ ಇದೆ. ಒಂದು ಚಮಚದಲ್ಲಿ 20 ಕ್ಯಾಲರಿ. 10 ಚಮಚದಲ್ಲಿ 200 ಕ್ಯಾಲರಿ. 60 ಕಿಲೋ ತೂಕದ ಹೆಂಗಸು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 120 ಕ್ಯಾಲರಿ. ಅಂದರೆ 6 ಚಮಚ ಸಕ್ಕರೆ. ನಡೆದು ಕರಗಿಸುವುದು ಕಷ್ಟ. ಹಾಕದೆ ಇರುವುದು ಸುಲಭ. ಎರಡೂ ಮಾಡಿದರೆ ಇನ್ನೂ ಮೇಲು.

ದಾರದ ಅಳತೆ

ತಕ್ಕಡಿ ಇಲ್ಲದೆ ನಮ್ಮ ಮೈ ಅಳೆಯಬಹುದು. ಒಂದು ಉದ್ದನೆಯ ದಾರ ತೆಗೆದುಕೊಳ್ಳಿ. ಗೋಡೆಗೆ ಒರಗಿ ನಿಲ್ಲಿ. ಅಂಗಾಲಿನಿಂದ ನೆತ್ತಿಯವರೆಗೆ ದಾರ ಹಿಡಿದು ಕತ್ತರಿಸಿ. ಅದು ನಿಮ್ಮ ಎತ್ತರ. ಆ ದಾರವನ್ನು ಸರಿಯಾಗಿ ಎರಡಾಗಿ ಮಡಚಿ. ಮಡಚಿದ ದಾರವನ್ನು ಹೊಕ್ಕುಳಿನ ಸ್ವಲ್ಪ ಮೇಲೆ ಸೊಂಟದ ಸುತ್ತ ತನ್ನಿ. ಹೊಟ್ಟೆ ಒಳಕ್ಕೆ ಎಳೆಯಬೇಡಿ.

ಎರಡು ತುದಿ ಕೂಡಿದರೆ ಒಳ್ಳೆಯದು. ಕೂಡದಿದ್ದರೆ ಹೊಟ್ಟೆಯಲ್ಲಿ ಕೊಬ್ಬು ಹೆಚ್ಚಾಗಿದೆ ಅಂತ ತಿಳಿಯಬೇಕು.

ಇನ್ನೊಂದು ಅಳತೆಯೂ ಇದೆ. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದು ಅಂತ ವೈದ್ಯರು ಹೇಳುತ್ತಾರೆ. ಮಕ್ಕಳ ಅಡ್ಡಪಟ್ಟಿ 30 ಸೆಂಟಿಮೀಟರ್ ಇರುತ್ತೆ. ಎರಡು ಅಡ್ಡಪಟ್ಟಿ, ಮೇಲೆ 20. ಅದೇ 80. ಬಸುರಿಯರಿಗೆ ಈ ಅಳತೆ ಅಲ್ಲ.

ಅಂದ ಚಂದಕ್ಕೆ ಮಾತ್ರ ಇದನ್ನು ಹೇಳುತ್ತಿಲ್ಲ. ಹೊಟ್ಟೆಯ ಕೊಬ್ಬು ಹೆಚ್ಚಾದರೆ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ಕಾಯಿಲೆ ಹತ್ತಿರ ಬರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದಾದ್ಯಂತ ಒಂದು ಅಧ್ಯಯನ ಮಾಡಿಸಿತು. ಅದು 2023ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಅದು ಹೇಳಿತು. ಈ ಕಾಯಿಲೆ ಪೇಟೆಯವರಿಗೆ ಮಾತ್ರ ಅಲ್ಲ. ಹಳ್ಳಿಗೂ ಬಂದಿದೆ.

ಒಬ್ಬ ಅಕ್ಕನ ಮಾತು

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ವಯಸ್ಸು 42. ಮಗಳ ಮದುವೆ ಮಾಡಿದರು. ಮದುವೆ ಮುಗಿಯಿತು. ಮನೆಯಲ್ಲಿ ಎರಡು ಡಬ್ಬಿ ಲಾಡು, ಒಂದು ಡಬ್ಬಿ ಚಿರೋಟಿ ಉಳಿಯಿತು.

"ಎಸೆಯೋಕೆ ಮನಸ್ಸು ಬರಲಿಲ್ಲ ಟೀಚರಮ್ಮ. ಮಕ್ಕಳು ಬೇಡ ಅಂದ್ರು. ಯಜಮಾನರು ಬೇಡ ಅಂದ್ರು. ದುಡ್ಡು ಕೊಟ್ಟು ಮಾಡಿಸಿದ್ದಲ್ವಾ? ನಾನೇ ತಿಂದೆ" ಅಂದರು.

ಎಷ್ಟೋ ಮನೆಯಲ್ಲಿ ಇದೇ ಕತೆ. ಅನ್ನ ಉಳಿದರೂ ತಾಯಿ ಉಣ್ಣಬೇಕು. ಸಿಹಿ ಉಳಿದರೂ ತಾಯಿ ತಿನ್ನಬೇಕು. ನಮ್ಮ ಹೊಟ್ಟೆ ಏನು ಉಳಿದದ್ದನ್ನು ಹಾಕುವ ಬಾನಿಯೇ?

ಆಮೇಲೆ ಆ ಅಕ್ಕನ ಮೈ ಭಾರ ಆಯಿತು. ನೆಂಟರೊಬ್ಬರು ಎಲ್ಲರ ಮುಂದೆ ನಕ್ಕರು. ಅವರಿಗೆ ಅವಮಾನ ಆಯಿತು. ಬೆಳಗಿನ ತಿಂಡಿ ಬಿಟ್ಟರು. ರಾತ್ರಿ ಊಟ ಬಿಟ್ಟರು. ಟೀ ಮಾತ್ರ ಬಿಡಲಿಲ್ಲ. ನಾಲ್ಕನೇ ದಿನ ಕಳೆ ಕೀಳುವಾಗ ತಲೆ ತಿರುಗಿ ಬದುವಿನ ಮೇಲೆ ಕೂತರು.

ಆಶಾ ಕಾರ್ಯಕರ್ತೆ ಅವರನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಆಯಿತು. 112 ಬಂತು.

112 ಅಂದರೆ ಏನು? ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಸರಿ. 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಅಂತ ವೈದ್ಯರು ಮತ್ತೊಮ್ಮೆ ಪರೀಕ್ಷೆ ಮಾಡಿ ಹೇಳುತ್ತಾರೆ. 100ರಿಂದ 125ರ ನಡುವೆ ಇದ್ದರೆ ಬೇಲಿಯ ಹತ್ತಿರ ನಿಂತಿದ್ದೇವೆ ಅಂತ ಅರ್ಥ. ಬೇಲಿ ದಾಟಿಲ್ಲ. ಹಿಂದೆ ಬರಲು ಸಮಯ ಇದೆ.

ಆ ಅಕ್ಕನಿಗೆ ಭಯ ಆಯಿತು. ಅವರ ತಾಯಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿನ ಗಾಯ ಮಾಯಲೇ ಇಲ್ಲ. ಎರಡು ಬೆರಳು ತೆಗೆಯಬೇಕಾಯಿತು. "ನಮ್ಮವ್ವ ಕಷ್ಟಪಟ್ಟಿದ್ದನ್ನ ನಾನು ಕಣ್ಣಾರೆ ಕಂಡಿದೀನಿ" ಅಂದರು.

ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಲೆಕ್ಕ ಬರೆಯಲು ಶುರು ಮಾಡಿದರು. ಟೀಗೆ ಹಾಕಿದ ಒಂದು ಚಮಚಕ್ಕೆ ಒಂದು ಗೆರೆ. ಬೇರೆ ಸಿಹಿ ತಿಂದರೆ ಒಂದು ಸೊನ್ನೆ. ಮೊದಲ ದಿನ 10 ಗೆರೆ, 2 ಸೊನ್ನೆ. ತಿಂಗಳ ಕೊನೆಗೆ ಗೆರೆ ಒಂದೋ ಎರಡೋ. ಸೊನ್ನೆ ವಾರಕ್ಕೆ ಒಂದು. ಊಟ ಬಿಡಲಿಲ್ಲ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ತಿಂಡಿ ತಿಂದರು.

ಮೂರು ತಿಂಗಳ ಮೇಲೆ ತೂಕ ನೋಡಿದರು. 2 ಕಿಲೋ ಇಳಿದಿತ್ತು. ರಕ್ತದ ಸಕ್ಕರೆ 104ಕ್ಕೆ ಬಂದಿತ್ತು. ಇನ್ನೂ 100ರ ಕೆಳಗೆ ಇಳಿದಿಲ್ಲ. ಆದರೆ ಬೇಲಿಯಿಂದ ಹಿಂದೆ ಬರುತ್ತಿದ್ದಾರೆ.

"ಎರಡೇ ಕಿಲೋನಾ?" ಅಂತ ಒಬ್ಬರು ಕೇಳಿದರು. "ಎರಡು ಕಿಲೋ ರಾಗಿ ಸೊಂಟಕ್ಕೆ ಕಟ್ಕೊಂಡು ದಿನಾ ಓಡಾಡಿ ನೋಡು, ಗೊತ್ತಾಗುತ್ತೆ" ಅಂದರು ಆ ಅಕ್ಕ. ಎಲ್ಲರೂ ನಕ್ಕೆವು.

ತೂಕ ನಿಧಾನವಾಗಿ ಇಳಿಯಬೇಕು. ತಿಂಗಳಲ್ಲಿ 10 ಕಿಲೋ ಇಳಿಸುತ್ತೇವೆ ಅಂತ ಯಾರಾದರೂ ಪುಡಿ, ಮಾತ್ರೆ ಮಾರಿದರೆ ನಂಬಬೇಡಿ.

ಪಾತ್ರೆಗಲ್ಲ, ಲೋಟಕ್ಕೆ

ಸಕ್ಕರೆ ಬಿಡುವುದು ಹೇಗೆ? ಮೊದಲು ಒಂದೇ ಒಂದು ಬದಲಾವಣೆ ಮಾಡೋಣ.

ನಮ್ಮ ಮನೆಗಳಲ್ಲಿ ಟೀ ಪಾತ್ರೆಗೇ ಸಕ್ಕರೆ ಸುರಿಯುತ್ತೇವೆ. ಆಗ ಯಾರಿಗೆ ಎಷ್ಟು ಹೋಯಿತು ಅಂತ ಗೊತ್ತಾಗಲ್ಲ. ಇನ್ನು ಮೇಲೆ ಪಾತ್ರೆಗೆ ಸಕ್ಕರೆ ಹಾಕಬೇಡಿ. ಟೀ ಸೋಸಿದ ಮೇಲೆ ಅವರವರ ಲೋಟಕ್ಕೆ ಚಮಚದಲ್ಲಿ ಹಾಕಿ. ಬೇಕಾದವರು ಹಾಕಿಕೊಳ್ಳಲಿ. ನಮ್ಮ ಲೋಟದ ಲೆಕ್ಕ ನಮ್ಮ ಕೈಯಲ್ಲಿರಲಿ.

ಇದರಿಂದ ಮನೆಯಲ್ಲಿ ಜಗಳವೂ ಆಗಲ್ಲ. ಅತ್ತೆಗೆ ಸಿಹಿ ಬೇಕು, ಸೊಸೆಗೆ ಬೇಡ ಅಂದರೆ ಎರಡು ಸಲ ಟೀ ಕಾಯಿಸಬೇಕಾಗಿಲ್ಲ.

ಆಮೇಲೆ ವಾರಕ್ಕೆ ಅರ್ಧ ಚಮಚ ಕಡಿಮೆ ಮಾಡೋಣ.

ಈಗ: ಒಂದು ಲೋಟಕ್ಕೆ 2 ಚಮಚ.
ಮೊದಲನೆಯ ವಾರ: ಒಂದೂವರೆ ಚಮಚ.
ಎರಡನೆಯ ವಾರ: 1 ಚಮಚ.
ಮೂರನೆಯ ವಾರ: ಅರ್ಧ ಚಮಚ.
ನಾಲ್ಕನೆಯ ವಾರ: ಸಕ್ಕರೆ ಇಲ್ಲ.

ಮೊದಮೊದಲು ಟೀ ಸಪ್ಪೆ ಅನ್ನಿಸುತ್ತೆ. ಶುಂಠಿ ಜಜ್ಜಿ ಹಾಕಿ. ಏಲಕ್ಕಿ ಹಾಕಿ. ಕೆಲವು ವಾರಗಳಲ್ಲಿ ನಾಲಗೆಗೆ ಅಭ್ಯಾಸ ಆಗುತ್ತೆ. ಆಮೇಲೆ ಬೇರೆಯವರ ಮನೆ ಟೀ ಕುಡಿದರೆ "ಏನಪ್ಪ ಇದು, ಪಾಯಸನಾ?" ಅಂತ ನಾವೇ ಕೇಳುತ್ತೇವೆ.

ಸಿಹಿ ತಿನ್ನುವ ಆಸೆ ಆದಾಗ ಏನು ಮಾಡುವುದು? ಹಸಿವಾಗಿದ್ದರೆ ಊಟ ಮಾಡಿ. ಹೊತ್ತಲ್ಲದ ಹೊತ್ತಾದರೆ ಒಂದು ಹಿಡಿ ಹುರಿಗಡಲೆ ತಿನ್ನಿ. ಕಡಲೆಕಾಯಿ, ಹೆಸರುಕಾಳಿನ ಉಸಲಿ, ಸೌತೆಕಾಯಿ ತಿನ್ನಿ. ಮಜ್ಜಿಗೆ ಕುಡಿಯಿರಿ. ಸೀಬೆಹಣ್ಣು, ಪರಂಗಿಹಣ್ಣು ತಿನ್ನಿ. ಹಣ್ಣಿನಲ್ಲೂ ಸಿಹಿ ಇದೆ. ಆದರೆ ನಾರಿನ ಜೊತೆ ಇದೆ. ಹಣ್ಣನ್ನು ಕಚ್ಚಿ ತಿನ್ನಿ. ಹಿಂಡಿ ರಸ ಮಾಡಿ ಕುಡಿಯಬೇಡಿ.

ಒಂದು ಮಾತು. ಸಕ್ಕರೆ ಬಿಟ್ಟು ಅದರ ಬದಲು ಇನ್ನೊಂದು ತಟ್ಟೆ ಅನ್ನ ಉಂಡರೆ ಪ್ರಯೋಜನ ಇಲ್ಲ. ಅನ್ನ, ಮುದ್ದೆ ಅಳತೆಯಲ್ಲಿರಲಿ. ಸೊಪ್ಪು, ತರಕಾರಿ, ಕಾಳು ಹೆಚ್ಚಿರಲಿ. ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ. ಊಟ ಬಲ್ಲವಳಿಗೂ ಅದೇ ಮಾತು.

ಬೆಲ್ಲ ತಿನ್ನಬಹುದೇ?

ಎಲ್ಲರೂ ಕೇಳುವ ಪ್ರಶ್ನೆ ಇದು. "ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೇದು. ಬೆಲ್ಲದ ಕಾಫಿ ಕುಡಿದರೆ ಆಗಲ್ವಾ?"

ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ ಮುಂತಾದ ಸತ್ವ ಇರುವುದು ನಿಜ. ಆದರೆ ಬೆಲ್ಲದ ಬಹುಪಾಲು ಸಕ್ಕರೆಯೇ. ಎರಡೂ ಅದೇ ಕಬ್ಬಿನ ಹಾಲಿನಿಂದ ಬಂದವು. ಒಂದು ಆಲೆಮನೆಯಲ್ಲಿ ಆಗುತ್ತದೆ, ಇನ್ನೊಂದು ಕಾರ್ಖಾನೆಯಲ್ಲಿ ಆಗುತ್ತದೆ. ಮೈಯ ಕಣಜಕ್ಕೆ ಎರಡೂ ಒಂದೇ. ಜೇನುತುಪ್ಪವೂ ಹಾಗೆಯೇ.

ಸಕ್ಕರೆ ಬದಲಿಗೆ ಹಾಕುವ ಸಿಹಿ ಮಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ತೂಕ ಇಳಿಸಲು ಅದನ್ನು ಬಳಸುವುದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ನಾಲಗೆಗೆ ಸಿಹಿಯ ಚಟ ಬಿಡಿಸಬೇಕು. ಮಾತ್ರೆಯಿಂದ ಆ ಚಟ ಬಿಡುವುದಿಲ್ಲ.

"ಹಾಗಾದರೆ ಕಬ್ಬು ಬೆಳೆಯೋದು ತಪ್ಪಾ?" ಅಂತ ಒಬ್ಬರು ಕೇಳಿದರು. ಅಲ್ಲ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ಮನೆಯ ಒಲೆ ಕಬ್ಬಿನಿಂದ ಉರಿದಿದೆ. ಮಕ್ಕಳ ಓದು, ಮದುವೆ ಕಬ್ಬಿನಿಂದ ನಡೆದಿದೆ. ಕಬ್ಬು ಬೆಳೆಯುವುದು ನಮ್ಮ ಕಸುಬು. ಹಾಗಂತ ಬೆಳೆದದ್ದನ್ನೆಲ್ಲ ನಾವೇ ತಿನ್ನಬೇಕೆ?

ಅಡಗಿ ಕೂತ ಸಕ್ಕರೆ

ಡಬ್ಬಿಯ ಸಕ್ಕರೆ ಕಣ್ಣಿಗೆ ಕಾಣುತ್ತದೆ. ಪೊಟ್ಟಣದ ಸಕ್ಕರೆ ಕಾಣುವುದಿಲ್ಲ. ಬಿಸ್ಕತ್ತು, ಬನ್ನು, ಹಾಲಿಗೆ ಹಾಕುವ ಪುಡಿ, ಬಾಟಲಿಯ ತಂಪು ಪಾನೀಯ, ಡಬ್ಬಿಯ ಜ್ಯೂಸು, ಟೊಮೆಟೊ ಸಾಸು. ಇವುಗಳಲ್ಲಿ ಸಕ್ಕರೆ ಅಡಗಿ ಕೂತಿರುತ್ತದೆ.

ಇಲ್ಲಿ ನಮ್ಮ ಓದು ಕೆಲಸಕ್ಕೆ ಬರುತ್ತದೆ. ಪೊಟ್ಟಣದ ಹಿಂದೆ ಒಂದು ಪಟ್ಟಿ ಇರುತ್ತದೆ. ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಶಾಲೆಗೆ ಹೋಗುವ ಮಕ್ಕಳನ್ನು ಕರೆಯಿರಿ. "ಶುಗರ್ ಅಂತ ಎಲ್ಲಿದೆ ತೋರಿಸು ಮಗಾ" ಅನ್ನಿ. ಅದರ ಮುಂದಿನ ಅಂಕಿಯನ್ನು ನೀವೇ ಓದಿ. ಆ ಅಂಕಿಯನ್ನು 5ರಿಂದ ಭಾಗಿಸಿ. ಅಷ್ಟು ಚಮಚ ಸಕ್ಕರೆ.

ಎಷ್ಟೋ ತಂಪು ಪಾನೀಯಗಳಲ್ಲಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. 250 ಮಿಲಿಲೀಟರಿನ ಒಂದು ಬಾಟಲಿ ಕುಡಿದರೆ 25 ಗ್ರಾಂ. ಅಂದರೆ 5 ಚಮಚ. ಇಡೀ ದಿನದ ಸಕ್ಕರೆ ಒಂದೇ ಬಾಟಲಿಯಲ್ಲಿ ಮುಗಿಯಿತು. ಎಳನೀರು, ಮಜ್ಜಿಗೆ, ಸಕ್ಕರೆ ಹಾಕದ ನಿಂಬೆ ನೀರು ನಮ್ಮಲ್ಲೇ ಇಲ್ಲವೇ?

ಬೇಡ ಅನ್ನುವುದು ಹೇಗೆ?

ಇದೇ ಎಲ್ಲಕ್ಕಿಂತ ಕಷ್ಟ. ನಮ್ಮಲ್ಲಿ ಮನೆಗೆ ಬಂದವರಿಗೆ ಸಿಹಿ ಕೊಡುವುದು ಮರ್ಯಾದೆ. ಬೇಡ ಅಂದರೆ ಅವರಿಗೆ ಬೇಜಾರು.

"ಒಂದು ಲೋಟ ಪಾಯಸ ಕುಡೀರಕ್ಕ."
"ಬೇಡ ಕಣಮ್ಮ, ಸಕ್ಕರೆ ಬಿಟ್ಟಿದೀನಿ."
"ಇದೊಂದು ದಿನಕ್ಕೆ ಏನಾಗುತ್ತೆ? ನನ್ನ ಮೇಲೆ ಕೋಪಾನಾ?"
"ಕೋಪ ಯಾಕಮ್ಮ? ಎರಡು ಚಮಚ ಕೊಡು, ಬಾಯಿ ಸಿಹಿ ಮಾಡ್ಕೋತೀನಿ. ಆಮೇಲೆ ಒಂದು ಲೋಟ ಮಜ್ಜಿಗೆ ಕೊಡು, ಕೂತು ಮಾತಾಡೋಣ."

ಹೀಗೆ ಹೇಳಿದರೆ ಕೊಟ್ಟವರ ಮನಸ್ಸೂ ನೋಯುವುದಿಲ್ಲ. ನಮ್ಮ ಮಾತೂ ಉಳಿಯುತ್ತದೆ. ನಮ್ಮ ಮನೆಗೆ ಬಂದವರನ್ನೂ ನಾವು ಹಾಗೆಯೇ ಕೇಳೋಣ. "ಸಕ್ಕರೆ ಹಾಕಲಾ, ಬೇಡವಾ?" ಅಂತ ಕೇಳುವುದೂ ಮರ್ಯಾದೆಯೇ.

ಹಬ್ಬದ ದಿನ ಹಬ್ಬ ಮಾಡೋಣ. ಒಂದು ಹೋಳಿಗೆಯನ್ನು ಎಲೆಯ ಮುಂದೆ ಕೂತು, ನಿಧಾನವಾಗಿ, ರುಚಿ ನೋಡಿ ತಿನ್ನೋಣ. ಉಳಿಯುವಷ್ಟು ಮಾಡುವುದು ಬೇಡ. ಉಳಿದರೆ ಅದೇ ದಿನ ಹಂಚಿಬಿಡೋಣ. ಒಂದು ದಿನ ಲೆಕ್ಕ ತಪ್ಪಿದರೆ ಬೇಸರ ಬೇಡ. ಮಾರನೆಯ ದಿನ ಮತ್ತೆ ಗೆರೆ ಎಳೆಯೋಣ.

ಯಾರು ಎಚ್ಚರವಾಗಿರಬೇಕು?

ಈ ಪಾಠ ಎಲ್ಲರಿಗೂ ಒಂದೇ ರೀತಿ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರ ತೂಕ ನೋಡಿದರು. ದೇಶದಲ್ಲಿ ನೂರಕ್ಕೆ 24 ಹೆಂಗಸರಿಗೆ ತೂಕ ಹೆಚ್ಚಿತ್ತು. ನೂರಕ್ಕೆ ಸುಮಾರು 19 ಹೆಂಗಸರು ತೀರ ಬಡಕಲಾಗಿದ್ದರು. ಬಡಕಲಾದವರು ತೂಕ ಇಳಿಸಬಾರದು. ಅವರೂ ಟೀ ಸಕ್ಕರೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಬಾರದು. ಊಟ ಹೆಚ್ಚು ಮಾಡಬೇಕು.

ಬಸುರಿಯರು, ಬಾಣಂತಿಯರು ಸಿಹಿ ಕಡಿಮೆ ಮಾಡಬಹುದು. ಊಟ ಕಡಿಮೆ ಮಾಡಬಾರದು. ಮಗುವಿಗೆ ಹಾಲು ಬೇಕು.

ಸಕ್ಕರೆ ಕಾಯಿಲೆಗೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಬದಲಾವಣೆ ಮಾಡಬೇಕು. ಮಾತ್ರೆ ನಿಲ್ಲಿಸಬಾರದು. ಊಟ ಬಿಡಬಾರದು. ಅವರಿಗೆ ಒಮ್ಮೊಮ್ಮೆ ರಕ್ತದ ಸಕ್ಕರೆ ತೀರ ಇಳಿಯುತ್ತದೆ. ಬೆವರು, ಕೈನಡುಕ, ತಲೆಸುತ್ತು ಬರುತ್ತದೆ. ಎಚ್ಚರ ಇದ್ದರೆ ತಕ್ಷಣ 3 ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಬೇಕು. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನೋಡಿ, ಆಗ ಅದೇ ಸಕ್ಕರೆ ಜೀವ ಉಳಿಸುತ್ತದೆ. ಸಕ್ಕರೆ ನಮ್ಮ ಶತ್ರು ಅಲ್ಲ. ಲೆಕ್ಕವಿಲ್ಲದ ಸಕ್ಕರೆ ಶತ್ರು.

30 ವರ್ಷ ದಾಟಿದ ಎಲ್ಲರೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದ ಸಕ್ಕರೆ ಮತ್ತು ಬಿಪಿ ಪರೀಕ್ಷೆ ಮಾಡಿಸಿಕೊಳ್ಳಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಚೀಟಿಯಲ್ಲಿ ಬರೆದ ಅಂಕಿಯನ್ನು ನೀವೇ ಓದಿ. ನಿಮ್ಮ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ.

ನೆನಪಿಡೋಣ

1. ಸಕ್ಕರೆ ಪಾತ್ರೆಗಲ್ಲ, ಲೋಟಕ್ಕೆ.
2. ವಾರಕ್ಕೆ ಅರ್ಧ ಚಮಚ ಕಡಿಮೆ.
3. ಸಕ್ಕರೆ ಬಿಡೋಣ, ಊಟ ಬಿಡಬಾರದು.
4. ಬೆಲ್ಲವೂ ಲೆಕ್ಕಕ್ಕೆ ಸೇರಿತು.
5. ಉಳಿದ ಸಿಹಿಗೆ ನಮ್ಮ ಹೊಟ್ಟೆ ಡಬ್ಬಿಯಲ್ಲ.

ಈ ಪದಗಳನ್ನು ಓದಿ, ಬರೆಯಿರಿ

ಸಕ್ಕರೆ – ಬೆಲ್ಲ – ಚಮಚ – ಕೊಬ್ಬು – ಸೊಂಟ – ಪೊಟ್ಟಣ – ಪರೀಕ್ಷೆ – ಆರೋಗ್ಯ

ಉತ್ತರ ಹೇಳಿ

1. ಒಂದು ಟೀ ಚಮಚ ಸಕ್ಕರೆ ಎಷ್ಟು ಗ್ರಾಂ?
2. ಹಣ್ಣನ್ನು ರಸ ಮಾಡದೆ ಕಚ್ಚಿ ಯಾಕೆ ತಿನ್ನಬೇಕು?
3. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 118 ಇದ್ದರೆ ಏನು ಅರ್ಥ?
4. ಮನೆಯಲ್ಲಿ ಉಳಿದ ಊಟ, ಉಳಿದ ಸಿಹಿಯನ್ನು ಯಾರು ತಿನ್ನುತ್ತಾರೆ? ಯಾಕೆ? ಕೂತು ಮಾತಾಡಿ.

ಲೆಕ್ಕ ಮಾಡಿ

ನೀವು ದಿನಕ್ಕೆ ಎಷ್ಟು ಲೋಟ ಟೀ, ಕಾಫಿ ಕುಡಿಯುತ್ತೀರಿ? ಲೋಟಕ್ಕೆ ಎಷ್ಟು ಚಮಚ ಸಕ್ಕರೆ? ತಿಂಗಳಿಗೆ ಎಷ್ಟು ಕಿಲೋ ಆಯಿತು? ನಿಮ್ಮ ಅಂಗಡಿಯಲ್ಲಿ ಸಕ್ಕರೆ ಕಿಲೋಗೆ ಎಷ್ಟು ರೂಪಾಯಿ? ಗುಣಿಸಿ. ಆ ದುಡ್ಡಿಗೆ ಎಷ್ಟು ಮೊಟ್ಟೆ, ಎಷ್ಟು ಹೆಸರುಕಾಳು, ಎಷ್ಟು ಕಟ್ಟು ಸೊಪ್ಪು ಬರುತ್ತದೆ? ಬರೆಯಿರಿ.

ಮಾಡಿ ನೋಡಿ

ನಾಳೆ ಬೆಳಿಗ್ಗೆ ಕ್ಯಾಲೆಂಡರಿನ ಹತ್ತಿರ ಒಂದು ಪೆನ್ನು ಕಟ್ಟಿ ನೇತುಹಾಕಿ. ಒಂದು ಚಮಚಕ್ಕೆ ಒಂದು ಗೆರೆ. ತಿಂಗಳು ಮುಗಿದ ಮೇಲೆ ಆ ಹಾಳೆಯನ್ನು ಕೇಂದ್ರಕ್ಕೆ ತನ್ನಿ. ನಾವೂ ನಮ್ಮ ಹಾಳೆ ತರುತ್ತೇವೆ. ಎಲ್ಲರೂ ಕೂತು ಗೆರೆ ಎಣಿಸೋಣ.